ಎಳೆಯರ ಕೀಲುವಾತವೂ ದವಡೆಯ ಬೆಳವಣಿಗೆಯೂ

(ಕಂಪ್ಲಿಯಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸಿನ ಮಾತಾಡುವ ಈ ವೇದಿಕೆಯಿಂದ ಇಂದು ಮಕ್ಕಳ ಒಂದು ಕಾಯಿಲೆಯ ಮಾತಾಡಬಯಸುತ್ತೇವೆ. ಕಾರಣವಿದೆ. ನಾವು ಉಪಾಧ್ಯಾಯರಾಗಿದ್ದಾಗ ಒಬ್ಬ ಹುಡುಗ ಬೆಳಿಗ್ಗೆ ಪೆನ್ಸಿಲು ಹಿಡಿಯಲಾರದೆ ಕೂರುತ್ತಿದ್ದ. ಮಧ್ಯಾಹ್ನ ಸರಾಗವಾಗಿ ಬರೆಯುತ್ತಿದ್ದ. ಸೋಮಾರಿಯೆಂದು ಗದರಿದೆವು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿದರೆ ಮಾತ್ರ ತಿನ್ನುತ್ತಾನೆಂದು ಅವನ ತಾಯಿ ಹೇಳಿದಾಗಲೂ ನಮಗೆ ಹೊಳೆಯಲಿಲ್ಲ. ತಪ್ಪು ನಮ್ಮದು.

ಕೀಲುವಾತ ಮುದುಕರ ರೋಗವೆಂಬ ನಂಬಿಕೆ ಸರಿಯಲ್ಲ. ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ 1897ರಲ್ಲಿಯೇ ಮಕ್ಕಳ ಕೀಲುರೋಗವನ್ನು ವಿವರಿಸಿದರು. 16 ವರ್ಷದೊಳಗೆ ಆರಂಭವಾಗಿ, ಬೇರೆ ಕಾರಣವಿಲ್ಲದೆ, ಕೀಲಿನ ಬಾವು 6 ವಾರ ನಿಂತರೆ ಅದು ಈ ರೋಗ. ಮೈಯನ್ನು ಕಾಯಬೇಕಾದ ಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳುತ್ತದೆ. ಇದು ಅಂಟುರೋಗವಲ್ಲ, ಹೆತ್ತವರ ತಪ್ಪೂ ಅಲ್ಲ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಯಿರಿ. ಅಲ್ಲಿ ಆಡುವುದೇ ದವಡೆಯ ಕೀಲು. ಕೆಳದವಡೆ ಬೆಳೆಯುವ ಮುಖ್ಯ ಸ್ಥಾನ ಆ ಕೀಲಿನ ತುದಿಯಲ್ಲಿಯೇ, ತೆಳುವಾದ ಮೃದ್ವಸ್ಥಿಯ ಪದರದಲ್ಲಿದೆ. ಬಾವು ಅಲ್ಲಿ ನೆಲೆನಿಂತರೆ ಬೆಳವಣಿಗೆ ಕುಂಠಿತವಾಗುತ್ತದೆ. ಒಂದೇ ಬದಿಯಾದರೆ ಗದ್ದ ಆ ಕಡೆಗೆ ವಾಲುತ್ತದೆ; ಎರಡೂ ಬದಿಯಾದರೆ ಗದ್ದ ಚಿಕ್ಕದಾಗಿ ಹಿಂದೆ ಸರಿಯುತ್ತದೆ. ಹಲ್ಲುಗಳು ಸರಿಯಾಗಿ ಕೂಡುವುದಿಲ್ಲ. ನೋವು ಇರಲೇಬೇಕೆಂದಿಲ್ಲ, ಮೋಸವಿರುವುದೇ ಅಲ್ಲಿ.

ಆದಕಾರಣ ಮಗುವಿನ ಬಾಯನ್ನು ನೀವೇ ನೋಡಿ. ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ಹಿಡಿಸಲಾರದಿದ್ದರೆ, ಬಾಯಿ ತೆರೆದಾಗ ಗದ್ದ ಪಕ್ಕಕ್ಕೆ ಸರಿದರೆ, ಬೆಳಗಿನ ಹೊತ್ತು ಕೀಲು ಬಿಗಿದರೆ, ಲೇಪ, ಪಟ್ಟುಗಳಲ್ಲಿ ಕಾಲ ಕಳೆಯಬೇಡಿ. ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 1961ರಿಂದ ಇದೆ. ಅದರ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ. ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಮುಂತಾದ ಔಷಧಿಗಳಿಂದ ಬಾವು ತಗ್ಗುತ್ತದೆ. ಹಲ್ಲಿನ ವೈದ್ಯರು ಸಾಧನ ತೊಡಿಸಿ ದವಡೆಗೆ ಆಸರೆ ಕೊಡಬಲ್ಲರು. ಕಣ್ಣಿನೊಳಗೂ ಸದ್ದಿಲ್ಲದೆ ಬಾವು ಬರಬಹುದಾದ್ದರಿಂದ ಕಣ್ಣಿನ ಪರೀಕ್ಷೆಯನ್ನೂ ಬಿಡಬಾರದು. ಮೂಳೆ ಬೆಳೆಯುವ ವಯಸ್ಸು ದಾಟಿದ ಮೇಲೆ ಉಳಿಯುವುದು ಶಸ್ತ್ರಚಿಕಿತ್ಸೆಯ ದಾರಿ.

ಒಂದು ದಿನದ ಕೂಲಿ ಹೋಗುತ್ತದೆ, ಅಂಗಡಿ ಮುಚ್ಚಬೇಕಾಗುತ್ತದೆ ಎಂಬುದನ್ನು ನಾವು ಬಲ್ಲೆವು. ಇಎಸ್‌ಐ ವಿಮೆಯುಳ್ಳ ಕಾರ್ಮಿಕನ ಮಕ್ಕಳಿಗೂ ಚಿಕಿತ್ಸೆಯ ಹಕ್ಕಿದೆ. ಅದನ್ನು ಕೇಳಿ ಪಡೆಯಿರಿ. ಮಗುವನ್ನು ಆಸ್ಪತ್ರೆಗೆ ಒಯ್ಯುವ ದಿನ ಕೂಲಿ ಕಡಿಯಬಾರದೆಂಬ ಬೇಡಿಕೆಯನ್ನು ನಮ್ಮ ಬೇಡಿಕೆಗಳ ಪಟ್ಟಿಗೆ ಸೇರಿಸೋಣ. ಬಡವನ ಮಗುವಿನ ಮುಖವೂ ನೆಟ್ಟಗೆ ಬೆಳೆಯಲಿ.