ಬಡಿಸುವವರ ಊಟ

ನಮ್ಮ ಮನೆಗಳಲ್ಲಿ ಬಡಿಸುವವರು ಕಡೆಗೆ ಉಣ್ಣುವುದು ವಾಡಿಕೆ. ಕರುಳಿನ ಒಳಪೊರೆಯ ಜೀವಕೋಶಗಳಾದರೋ ಬಡಿಸುತ್ತಲೇ ಉಣ್ಣುತ್ತವೆ.

ಪೊರೆಯ ಕುಳಿಗಳಲ್ಲಿ ಹುಟ್ಟಿದ ಈ ಕೋಶಗಳು ಬೆರಳಿನಂಥ ಕುಚ್ಚುಗಳನ್ನೇರುತ್ತ ಬಲಿತು, ಕೆಲವೇ ದಿನಗಳಲ್ಲಿ ತುದಿಯಿಂದ ಉದುರಿಹೋಗುತ್ತವೆ. ಬಲಿತಂತೆ ಆಹಾರವನ್ನು ಹೀರುವ ಹೊಣೆ ಬರುತ್ತದೆ. ಅದಕ್ಕಾಗಿ ಒಳಬಂದ ಸೋಡಿಯಮ್ಮನ್ನು ಎಡೆಬಿಡದೆ ಹೊರದೂಡಲು ಶಕ್ತಿ ಬೇಕು. ಗ್ಲುಟಮಿನ್ ಎಂಬ ಅಮೈನೋ ಆಮ್ಲವು ಇಲಿಯ ಕರುಳಿಗೆ ಮುಖ್ಯ ಇಂಧನಗಳಲ್ಲೊಂದೆಂದು 1974ರಲ್ಲಿ ವಿಂಡ್‌ಮ್ಯೂಲರ್ ಮತ್ತು ಸ್ಪೇತ್ ತೋರಿಸಿದರು.

ತಾಯಿಹಾಲು ಬಿಡಿಸಿದ ಹಂದಿಮರಿಯು ಮೇವು ಮುಟ್ಟದಿದ್ದರೆ ಒಂದೆರಡು ದಿನಗಳಲ್ಲಿಯೇ ಕುಚ್ಚುಗಳು ಗಿಡ್ಡವಾಗುತ್ತವೆ. ರಕ್ತನಾಳದ ಮೂಲಕವೇ ಪೋಷಿಸಿದರೂ ಪೊರೆ ಸೊರಗುವುದು. ಆದುದರಿಂದ ಹಾಲು ಬಿಡಿಸುವಾಗ ಎಳೆಯ ಜೀವದ ಕರುಳು ಬರಿದಾಗದಂತೆ ನಾವು ನೋಡಿಕೊಳ್ಳಬೇಕು. ಬಡಿಸುವವರು ಹಸಿದರೆ ಪಂಕ್ತಿಯೆಲ್ಲವೂ ಹಸಿಯುವುದು.