ಕ್ರೋಂಪೇಟೆಯ ಒಂಬತ್ತು ಅಕ್ಷರಗಳು

ನಮ್ಮ ಕನ್ನಡ ಕಾರ್ಯಕ್ರಮದ ಈ ಭಾಷಣವನ್ನು ಓದುವಾಗ ಕೈಯಲ್ಲೊಂದು ಪೆನ್ಸಿಲ್ ಇರಲಿ. ಮನೆಯಲ್ಲಿ ಹನ್ನೊಂದನೇ ತರಗತಿಯ ಮಗುವಿದ್ದರೆ ಪಕ್ಕದಲ್ಲೇ ಕೂರಿಸಿಕೊಳ್ಳಿ.

ಚೆನ್ನೈ ಬೀಚ್‌ನಿಂದ ತಾಂಬರಂ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಪಲ್ಲಾವರಂ ಆದ ಮೇಲೆ ಬರುವ ನಿಲ್ದಾಣ ಕ್ರೋಂಪೇಟೆ. ಕ್ರೋಮ್ ಚರ್ಮದ ಕಾರ್ಖಾನೆಯಿಂದ ಊರಿಗೆ ಈ ಹೆಸರು ಬಂತು. 1949ರಲ್ಲಿ ಶುರುವಾದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇರುವುದೂ ಇಲ್ಲೇ. ಅಬ್ದುಲ್ ಕಲಾಂ ಓದಿದ ಕಾಲೇಜು ಅದು. ಅಂಥ ಕಾಲೇಜಿನ ಕನಸು ಕಾಣುವ ಮಕ್ಕಳು ಎಡವುವ ಪಾಠಗಳಲ್ಲಿ ಕ್ರಮಯೋಜನೆ, ಅಂದರೆ ಪರ್ಮ್ಯುಟೇಷನ್, ಒಂದು. ಈ ಊರಿನ ಹೆಸರಿನಿಂದಲೇ ಅದನ್ನು ನೋಡೋಣ.

ಇಂಗ್ಲಿಷಿನಲ್ಲಿ ಕ್ರೋಂಪೇಟೆಗೆ ಒಂಬತ್ತು ಅಕ್ಷರ: ಸಿ, ಎಚ್, ಆರ್, ಓ, ಎಂ, ಇ, ಪಿ, ಇ, ಟಿ. ಒಂಬತ್ತೂ ಬೇರೆ ಬೇರೆಯಾಗಿದ್ದರೆ 3,62,880 ರೀತಿಯಲ್ಲಿ ಜೋಡಿಸಬಹುದಿತ್ತು. 'ಇ' ಎರಡು ಸಲ ಇರುವುದರಿಂದ ಅದರ ಅರ್ಧ, 1,81,440.

ಈಗ ಮೊದಲ ಷರತ್ತು: ಎರಡು 'ಇ'ಗಳು ಅಕ್ಕಪಕ್ಕ ಬರಬಾರದು. ಎರಡನ್ನೂ ಗಂಟು ಹಾಕಿ ಒಂದೇ ಎಂದುಕೊಳ್ಳಿ. ಎಂಟು ವಸ್ತುಗಳಾದವು, 40,320 ಜೋಡಣೆ. ಒಟ್ಟಿನಿಂದ ಕಳೆದರೆ 1,41,120. ಉತ್ತರ ಸರಿ. ಮಗುವಿಗೆ ಖುಷಿ. "ಬರಬಾರದು ಎಂದರೆ ಗಂಟು ಹಾಕು, ಕಳೆ" ಎಂಬ ಸೂತ್ರ ಮನಸ್ಸಿನಲ್ಲಿ ಕೂತುಬಿಡುತ್ತದೆ.

ಮುಂದಿನ ಪ್ರಶ್ನೆ: ಸ್ವರಗಳು ಒಟ್ಟಿಗೆ ಬರಬಾರದು. ಓ, ಇ, ಇ ಎಂದು ಸ್ವರಗಳು ಮೂರು. ಮಗು ಮೂರನ್ನೂ ಗಂಟು ಹಾಕುತ್ತದೆ. ಆರು ವ್ಯಂಜನ, ಒಂದು ಗಂಟು: 5,040. ಗಂಟಿನೊಳಗೆ 3 ರೀತಿ. ಗುಣಿಸಿದರೆ 15,120. ಒಟ್ಟಿನಿಂದ ಕಳೆದರೆ 1,66,320.

ಸ್ವಲ್ಪ ನಿಲ್ಲಿ. 'ಒಟ್ಟಿಗೆ ಬರಬಾರದು' ಎಂದರೆ ಏನು? ಮೂರೂ ಒಂದೇ ಕಡೆ ಗುಂಪಾಗಬಾರದು ಎಂದೇ, ಅಥವಾ ಯಾವ ಎರಡು ಸ್ವರವೂ ಅಕ್ಕಪಕ್ಕ ಇರಬಾರದು ಎಂದೇ? ನಮ್ಮ ಕನ್ನಡದ ವಾಕ್ಯ ಎರಡಕ್ಕೂ ಹೊಂದುತ್ತದೆ. ಮಗು ಲೆಕ್ಕ ಹಾಕಿದ್ದು ಮೊದಲನೆಯದನ್ನು. ಎರಡನೆಯದಕ್ಕೆ ದಾರಿಯೇ ಬೇರೆ.

ಮೊದಲು ಆರು ವ್ಯಂಜನಗಳನ್ನು ಸಾಲಾಗಿ ನಿಲ್ಲಿಸಿ: 720 ರೀತಿ. ಅವುಗಳ ನಡುವೆ ಐದು ಸಂದು, ಎರಡು ತುದಿ, ಒಟ್ಟು ಏಳು ಜಾಗ. ಅದರಲ್ಲಿ ಮೂರನ್ನು ಆರಿಸಿ ಒಂದೊಂದು ಸ್ವರ ಕೂರಿಸಿ. ಏಳರಲ್ಲಿ ಮೂರನ್ನು 35 ರೀತಿ ಆರಿಸಬಹುದು, ಸ್ವರಗಳನ್ನು 3 ರೀತಿ ಕೂರಿಸಬಹುದು. ಗುಣಿಸಿ: 75,600. ಎಲ್ಲಿ 1,66,320, ಎಲ್ಲಿ 75,600! ನಡುವಿನ 90,720 ಜೋಡಣೆಗಳಲ್ಲಿ ಎರಡು ಸ್ವರಗಳು ಅಂಟಿಕೊಂಡು, ಮೂರನೆಯದು ದೂರ ನಿಂತಿರುತ್ತದೆ.

ಬಿಡಿಸಿಡಬೇಕಾದ ವಸ್ತುಗಳು ಎರಡೇ ಇದ್ದಾಗ ಎರಡು ದಾರಿಯೂ ಒಂದೇ ಊರಿಗೆ ಹೋಗುತ್ತವೆ. ಮೂರಾದ ಕೂಡಲೇ ದಾರಿ ಕವಲೊಡೆಯುತ್ತದೆ. ಉತ್ತರದ ಆಯ್ಕೆಗಳಲ್ಲಿ ಎರಡೂ ಅಂಕಿ ಇದ್ದರಂತೂ ಮಗುವಿಗೆ ಅನುಮಾನವೇ ಬರುವುದಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪ್ರಶ್ನೆಪತ್ರಿಕೆಯಲ್ಲಿ ಇಂಗ್ಲಿಷ್ ಇರುವ ನಮ್ಮ ಮಕ್ಕಳಿಗೆ ಇಲ್ಲಿ ಅಂಕ ಹೋಗುವುದು ಗಣಿತ ಬಾರದೆ ಅಲ್ಲ, ವಾಕ್ಯವನ್ನು ಪೂರ್ತಿ ಓದದೆ. ಆದ್ದರಿಂದ ಲೆಕ್ಕಕ್ಕೆ ಮೊದಲು ಷರತ್ತನ್ನು ಸ್ವಂತ ಮಾತಿನಲ್ಲಿ ಬರೆಯಿಸಿ: 'ಮೂರೂ ಕೂಡಬಾರದು' ಅಥವಾ 'ಯಾವ ಎರಡೂ ಕೂಡಬಾರದು'. ಮೊದಲನೆಯದಕ್ಕೆ ಗಂಟು, ಎರಡನೆಯದಕ್ಕೆ ಸಂದು.

ಆ 35 ಬಂದ ನಿಯಮ ನಮಗೆ ಹೊರಗಿನದೇನಲ್ಲ. ಏಳು, ಆರು, ಐದನ್ನು ಗುಣಿಸಿ, ಒಂದು, ಎರಡು, ಮೂರರ ಗುಣಲಬ್ಧದಿಂದ ಭಾಗಿಸುವ ಈ ಕ್ರಮವನ್ನು ಒಂಬತ್ತನೇ ಶತಮಾನದಲ್ಲಿ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಹೇಳಿದ್ದಾನೆ. ಅವನು ಹಾಡಿ ಹೊಗಳಿದ ದೊರೆ ನಮ್ಮ ಅಮೋಘವರ್ಷ ನೃಪತುಂಗ. ಆ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಸಂಪಾದಿಸಿದರು. ಅದು 1912ರಲ್ಲಿ ಅಚ್ಚಾದದ್ದು ಇದೇ ಮದ್ರಾಸಿನಲ್ಲಿ!

ಕೊನೆಗೊಂದು ಮನೆಗೆಲಸ. ಮೊದಲ ಅಕ್ಷರ 'ಸಿ', ಕೊನೆಯದು 'ಟಿ' ಆಗಿರಬೇಕು. ಯಾವ ಎರಡು ಸ್ವರವೂ ಅಕ್ಕಪಕ್ಕ ಇರಬಾರದು. ಎಷ್ಟು ಜೋಡಣೆ? ಈಗ ತುದಿಗಳಲ್ಲಿ ಜಾಗವಿಲ್ಲ ಎಂಬುದು ನೆನಪಿರಲಿ. 720 ಬಂದರೆ ಮಗುವಿನ ಬೆನ್ನು ತಟ್ಟಿ. ಬಾರದಿದ್ದರೆ ಬೈಯಬೇಡಿ, ಪ್ರಶ್ನೆಯನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿಸಿ.