ಲೆಕ್ಕಕ್ಕೂ ಒಂದು ಭಾಷೆ ಇದೆ!

(ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪ್ರೆಸ್ಸಿನವನು. ಮದುವೆ ಕಾಗದ, ಬಿಲ್ ಪುಸ್ತಕ, ಕರಪತ್ರ, ಶಾಲೆಗಳ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ, ಇವೇ ನನ್ನ ಅನ್ನ. ಓದಿದ್ದು ಪಿಯುಸಿವರೆಗೆ. ಗಣಿತದ ಬಗ್ಗೆ ಮಾತಾಡಲು ಇವನಿಗೇನು ಯೋಗ್ಯತೆ ಎಂದು ನೀವು ಕೇಳಬಹುದು. ಯೋಗ್ಯತೆ ಇಷ್ಟೇ: ಬೀಜಗಣಿತದಲ್ಲಿ ಗೆದ್ದವನೂ ನಾನೇ, ಅದೇ ಬೀಜಗಣಿತದಲ್ಲಿ ಸೋತವನೂ ನಾನೇ. ನಡುವೆ ಇದ್ದದ್ದು ಎರಡು ತಿಂಗಳ ಬೇಸಿಗೆ ರಜೆ ಮಾತ್ರ!

1995ರಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ಗಣಿತದಲ್ಲಿ 78 ಅಂಕ. ವರ್ಗ ಸಮೀಕರಣ ಎಂದರೆ ನನಗೆ ನೀರು ಕುಡಿದಷ್ಟು ಸುಲಭ. ಪಿಯುಸಿಗೆ ವಿಜ್ಞಾನ ತೆಗೆದುಕೊಂಡೆ. ಮೊದಲ ದಿನ ಉಪನ್ಯಾಸಕರು ಬಂದು ‘ಕ್ವಾಡ್ರಾಟಿಕ್ ಈಕ್ವೇಷನ್’ ಎಂದರು, ‘ಕೋಎಫಿಷಿಯೆಂಟ್’ ಎಂದರು, ‘ಡಿಸ್ಕ್ರಿಮಿನೆಂಟ್’ ಎಂದರು. ಇದೇನೋ ಹೊಸ ವಿದ್ಯೆ ಎಂದುಕೊಂಡು ಹಿಂದಿನ ಬೆಂಚಿನಲ್ಲಿ ಮೂರು ತಿಂಗಳು ಬಾಯಿ ಮುಚ್ಚಿ ಕೂತೆ. ನನಗೆ ಚೆನ್ನಾಗಿ ಬರುತ್ತಿದ್ದ ವರ್ಗ ಸಮೀಕರಣ, ಸಹಗುಣಕ, ಶೋಧಕಗಳೇ ಅವು ಎಂದು ಹೇಳುವವರು ಒಬ್ಬರೂ ಇರಲಿಲ್ಲ. ಕೇಳೋಣವೆಂದರೆ ಪ್ರಶ್ನೆಯನ್ನೂ ಇಂಗ್ಲಿಷಿನಲ್ಲೇ ಕೇಳಬೇಕು! ವರ್ಷದ ಕೊನೆಯಲ್ಲಿ ಗಣಿತ ಕೈಕೊಟ್ಟಿತು. ಸಪ್ಲಿಮೆಂಟರಿ ಕಟ್ಟಿ ಹೇಗೋ ದಡ ಸೇರಿದೆ. ಮುಂದೆ ಓದುವ ಧೈರ್ಯ ಉಳಿಯಲಿಲ್ಲ.

ಅಂದಿನಿಂದ ಒಂದು ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ‘ಲೆಕ್ಕಕ್ಕೆ ಯಾವ ಭಾಷೆಯಾದರೇನು ಸ್ವಾಮಿ?’ ಇದು ಶುದ್ಧ ಸುಳ್ಳು! ಬೀಜಗಣಿತದಷ್ಟು ಭಾಷೆಯನ್ನು ನೆಚ್ಚಿಕೊಂಡ ಪಾಠ ಇನ್ನೊಂದಿಲ್ಲ. ‘ಒಂದು ಸಂಖ್ಯೆಯ ಮೂರರಷ್ಟಕ್ಕೆ ಐದನ್ನು ಕೂಡಿದರೆ ಇಪ್ಪತ್ತಾರು’ ಎಂಬ ವಾಕ್ಯ ಅರ್ಥವಾದ ಮೇಲೆ ತಾನೇ ಸಮೀಕರಣ ಹುಟ್ಟುವುದು? ಕೂಡಿ ಕಳೆಯುವುದು ಆಮೇಲಿನ ಮಾತು.

ಆದರೆ ತರಗತಿಯಲ್ಲಿ ಏನಾಗುತ್ತಿದೆ? ‘ಪ್ಲಸ್ ಐದು ಆ ಕಡೆ ಹೋದರೆ ಮೈನಸ್ ಐದು, ಬರಕೊಳ್ಳಿ.’ ಮುಗಿಯಿತು ಪಾಠ. ಯಾಕೆ ಮೈನಸ್ ಆಯಿತು? ಮಗು ಕೇಳುವಂತಿಲ್ಲ. ಸಂತೆಯ ತಕ್ಕಡಿಯನ್ನು ತೋರಿಸಿದರೆ ಸಾಕು. ಎರಡೂ ತಟ್ಟೆ ಸಮನಾಗಿ ನಿಂತಿವೆ. ಈ ತಟ್ಟೆಯಿಂದ ಐದು ಕಲ್ಲು ತೆಗೆದರೆ ಆ ತಟ್ಟೆಯಿಂದಲೂ ಐದು ತೆಗೆಯಬೇಕು, ಇಲ್ಲದಿದ್ದರೆ ತಕ್ಕಡಿ ವಾಲುತ್ತದೆ. ಯಾವ ಸಂಖ್ಯೆಯೂ ಆ ಕಡೆಗೆ ನಡೆದುಕೊಂಡು ಹೋಗುವುದಿಲ್ಲ! ಇದನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಲು ಐದು ನಿಮಿಷ ಸಾಕು. ಹೇಳದಿದ್ದರೆ ಮಗು ಮೂರು ವರ್ಷ ಉರು ಹೊಡೆಯುತ್ತದೆ.

ನಮ್ಮ ಪುಸ್ತಕದ ಪದಗಳೂ ಅಷ್ಟೇ. ‘ಬಹುಪದೋಕ್ತಿ’ ಎಂದರೆ ಮಕ್ಕಳು ಹೆದರುತ್ತಾರೆ, ನಿಜ. ಅದನ್ನು ಬಿಡಿಸಿ ತೋರಿಸಿ: ಬಹು, ಪದ, ಉಕ್ತಿ. ಸಹಗುಣಕ ಎಂದರೆ ಜೊತೆಯಲ್ಲಿ ನಿಂತು ಗುಣಿಸುವುದು. ಪದದೊಳಗೇ ಅರ್ಥ ಕೂತಿದೆ, ಬಾಗಿಲು ತೆರೆಯುವವರು ಬೇಕು ಅಷ್ಟೇ.

ಬೀಜಗಣಿತ ನಮಗೆ ಪರಕೀಯವೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಹೊಗಳಿರುವುದು ನಮ್ಮ ಅಮೋಘವರ್ಷ ನೃಪತುಂಗನನ್ನು. ಅದು ಸಂಸ್ಕೃತದ ಗ್ರಂಥ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಗಣಿತವನ್ನು ಕನ್ನಡದಲ್ಲೇ ಬರೆದ. ‘ವ್ಯವಹಾರಗಣಿತ’ ಅವನದು. ಅದೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಯನ್ನು ‘ಯಾವತ್ತಾವತ್’ ಎಂದು ಕರೆದರು, ಅಂದರೆ ಎಷ್ಟೋ ಅಷ್ಟು. ಇನ್ನೊಂದು ಗೊತ್ತಿಲ್ಲದ ಸಂಖ್ಯೆ ಬಂದರೆ ‘ಕಾಲಕ’, ಮತ್ತೊಂದಕ್ಕೆ ‘ನೀಲಕ’. ಕಪ್ಪು, ನೀಲಿ! ನನ್ನ ಪ್ರೆಸ್ಸಿನ ಇಂಕಿನ ಡಬ್ಬಗಳೇ ನೆನಪಾಗುತ್ತವೆ. ಇಂದು ಎಕ್ಸ್, ವೈ ಎಂದು ಬರೆಯೋಣ, ತಪ್ಪೇನಿಲ್ಲ. ಆದರೆ ಎಕ್ಸ್ ಎಂದರೆ ‘ಎಷ್ಟೋ ಅಷ್ಟು’ ಎಂದು ಮಗುವಿಗೆ ಗೊತ್ತಿರಬೇಡವೇ?

ಈಗ ಅಂಕದ ವಿಷಯಕ್ಕೆ ಬರುತ್ತೇನೆ. ನಮ್ಮ ಪ್ರೆಸ್ಸಿನ ಬೈಂಡರ್ ಅವರ ಮಗಳು ಹತ್ತನೆಯ ತರಗತಿ. ಒಂದು ದಿನ ಕಿರುಪರೀಕ್ಷೆಯ ಉತ್ತರಪತ್ರಿಕೆ ಹಿಡಿದು ಅಳುತ್ತಾ ಬಂದಳು. ಪ್ರಶ್ನೆ ಇದು: ಎರಡು ನೋಟ್‌ಬುಕ್, ಒಂದು ಪೆನ್ನಿಗೆ 70 ರೂಪಾಯಿ. ಎರಡು ನೋಟ್‌ಬುಕ್, ಮೂರು ಪೆನ್ನಿಗೆ 90 ರೂಪಾಯಿ. ಒಂದೊಂದರ ಬೆಲೆ ಎಷ್ಟು?

ಹುಡುಗಿ ಬರೆದಿದ್ದಳು: ‘ಎರಡೂ ಸಲ ನೋಟ್‌ಬುಕ್ ಎರಡೇ. ಹೆಚ್ಚಾದದ್ದು ಎರಡು ಪೆನ್ನು, ಹೆಚ್ಚಾದ ಹಣ 20. ಹಾಗಾಗಿ ಒಂದು ಪೆನ್ನಿಗೆ 10, ಒಂದು ನೋಟ್‌ಬುಕ್ಕಿಗೆ 30.’

ಮೂರಕ್ಕೆ ಅರ್ಧ ಅಂಕ! ಕೆಂಪು ಶಾಯಿಯಲ್ಲಿ ಅಡ್ಡಗೆರೆ. ಯಾವ ಶಾಲೆ, ಯಾವ ಮೇಷ್ಟ್ರು ಎಂದು ನಾನು ಹೇಳುವುದಿಲ್ಲ. ಅವರ ತಲೆಯ ಮೇಲೂ ನೂರೆಂಟು ಹೊರೆ. ಆದರೆ ಬಂಧುಗಳೇ, ಆ ಹುಡುಗಿ ಬರೆದದ್ದೇನು? ಪುಸ್ತಕದಲ್ಲಿರುವ ‘ವರ್ಜಿಸುವ ವಿಧಾನ’ವನ್ನೇ ತನ್ನ ಕನ್ನಡದಲ್ಲಿ ಬರೆದಿದ್ದಾಳೆ! ಎರಡು ಸಮೀಕರಣ ಬರೆದು ಒಂದರಿಂದ ಇನ್ನೊಂದನ್ನು ಕಳೆಯುವುದು ಎಂದರೆ ಇದೇ. ಸಮೀಕರಣ ಬರೆಯಲಿಲ್ಲವೆಂದು ಒಂದು ಅಂಕ ಕಳೆಯಿರಿ, ಒಪ್ಪುತ್ತೇನೆ. ಚಿಹ್ನೆಯಲ್ಲಿ ಬರೆಯುವುದನ್ನೂ ಅವಳು ಕಲಿಯಲೇಬೇಕು. ಆದರೆ ಅವಳ ಒಂದೊಂದು ವಾಕ್ಯದ ಪಕ್ಕದಲ್ಲೂ ಅದರ ಸಮೀಕರಣ ಬರೆದು ತೋರಿಸುವುದೇ ಅಲ್ಲವೇ ಪಾಠ? ಗೆರೆ ಎಳೆದರೆ ಅವಳು ಕಲಿಯುವುದು ಒಂದೇ: ‘ನನ್ನ ಯೋಚನೆಗೆ ಬೆಲೆಯಿಲ್ಲ, ಗೈಡಿನಲ್ಲಿದ್ದದ್ದಕ್ಕೆ ಮಾತ್ರ ಬೆಲೆ.’

ನಾನು ದಿನವೂ ಗಿರಾಕಿಗೆ ದರ ಹೇಳುವುದು ಇದೇ ಲೆಕ್ಕದಲ್ಲಿ. ಸಾವಿರ ಕರಪತ್ರಕ್ಕೆ 1,400 ರೂಪಾಯಿ, ಮೂರು ಸಾವಿರಕ್ಕೆ 2,600. ಹೆಚ್ಚಾದ ಎರಡು ಸಾವಿರಕ್ಕೆ 1,200. ಅಂದರೆ ಸಾವಿರಕ್ಕೆ 600, ಉಳಿದ 800 ಪ್ಲೇಟು, ಜೋಡಣೆಯ ಖರ್ಚು. ಇದು ಬೀಜಗಣಿತ ಅಲ್ಲವೇ?

ಬೋರ್ಡಿನ ಮೌಲ್ಯಮಾಪನದಲ್ಲಿ ಹಂತಹಂತಕ್ಕೆ ಅಂಕವಿದೆ. ಸೂತ್ರಕ್ಕೆ ಅರ್ಧ, ಆದೇಶಿಸಿದ್ದಕ್ಕೆ ಅರ್ಧ, ಹೀಗೆ. ಕೊನೆಯ ಉತ್ತರ ತಪ್ಪಿದರೂ ದಾರಿ ಸರಿಯಿದ್ದರೆ ದಾರಿಯ ಅಂಕ ಸಿಗಬೇಕು. ಬೇರೆ ಸರಿಯಾದ ವಿಧಾನಕ್ಕೂ ಅಂಕ ಕೊಡಬೇಕು. ಎಸ್ಸೆಸ್ಸೆಲ್ಸಿ ಗಣಿತದ 100 ಅಂಕದಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯ ಕೈಯಲ್ಲಿರುವ ಆಂತರಿಕ ಮೌಲ್ಯಮಾಪನಕ್ಕೆ. ಉತ್ತರಪತ್ರಿಕೆಯ ಛಾಯಾಪ್ರತಿ ಕೇಳಿ ಪಡೆಯಬಹುದು, ಮರುಮೌಲ್ಯಮಾಪನಕ್ಕೂ ಹೋಗಬಹುದು. ನಮ್ಮ ಎಷ್ಟು ಮನೆಗಳಲ್ಲಿ ಇದು ಗೊತ್ತಿದೆ? ಹಕ್ಕು ಕಾಗದದಲ್ಲಿದ್ದರೆ ಸಾಲದು, ಬಾಯಲ್ಲಿರಬೇಕು.

ಆದ್ದರಿಂದ ನಮ್ಮ ಒತ್ತಾಯ ಮೂರು. ಒಂದು, ಎಂಟನೆಯ ತರಗತಿಯಿಂದಲೇ ಕನ್ನಡ ಪದದ ಪಕ್ಕದಲ್ಲಿ ಇಂಗ್ಲಿಷ್ ಪದವನ್ನೂ ಕಲಿಸಬೇಕು. ಎರಡು, ಕಿರುಪರೀಕ್ಷೆಯಲ್ಲೂ ಹಂತಕ್ಕೆ ಅಂಕ ಕೊಡಬೇಕು, ಮಗು ತನ್ನ ಮಾತಿನಲ್ಲಿ ಕೊಟ್ಟ ಕಾರಣಕ್ಕೂ ಅಂಕ ಕೊಡಬೇಕು. ಮೂರು, ಪಿಯುಸಿ ವಿಜ್ಞಾನದ ಮೊದಲ ತಿಂಗಳು ಕನ್ನಡದಲ್ಲಿ ಕೇಳಲು, ಕನ್ನಡದಲ್ಲಿ ಉತ್ತರ ಪಡೆಯಲು ಅವಕಾಶವಿರಬೇಕು.

ಸರ್ಕಾರ ಮಾಡುವವರೆಗೆ ಕಾಯುತ್ತಾ ಕೂರುವುದೂ ಬೇಡ. ನಿಮ್ಮಲ್ಲಿ ಎಂಜಿನಿಯರಿಂಗ್ ಓದಿದವರಿದ್ದೀರಿ, ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವರಿದ್ದೀರಿ. ನಿಮಗೆ ಎರಡೂ ಕಡೆಯ ಪದ ಗೊತ್ತು. ಬೀಜಗಣಿತದ ನಲವತ್ತು ಪದಗಳನ್ನು ಎರಡೂ ಭಾಷೆಯಲ್ಲಿ, ಒಂದೊಂದು ಸಾಲಿನ ಅರ್ಥದ ಜೊತೆ ಬರೆದುಕೊಡಿ. ಒಂದು ಹಾಳೆ ಸಾಕು. ಕಾಗದ ನಿಮ್ಮದು, ಅಚ್ಚು ನನ್ನದು. ಒಂದು ಪೈಸೆ ಬೇಡ. ಶನಿವಾರ ನಿಮ್ಮ ಬಡಾವಣೆಯ ಸರ್ಕಾರಿ ಪ್ರೌಢಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯರನ್ನು ಕೇಳಿ, ಮಕ್ಕಳ ಕೈಗೆ ಆ ಹಾಳೆ ಕೊಟ್ಟು ಒಂದು ಗಂಟೆ ಜೊತೆಯಲ್ಲಿ ಕುಳಿತುಕೊಳ್ಳಿ.

1995ರಲ್ಲಿ ನನ್ನ ಜೇಬಿನಲ್ಲಿ ಅಂಥದ್ದೊಂದು ಹಾಳೆ ಇದ್ದಿದ್ದರೆ, ಹಿಂದಿನ ಬೆಂಚಿನಲ್ಲಿ ನಾನು ಮೂರು ತಿಂಗಳು ಮೂಕನಾಗಿ ಕೂರುತ್ತಿರಲಿಲ್ಲ. ಬೈಂಡರ್ ಅವರ ಮಗಳು ಬರುವ ವರ್ಷ ಕಾಲೇಜಿಗೆ ಹೋಗುತ್ತಾಳೆ. ಅವಳು ಬಾಯಿ ಮುಚ್ಚಿ ಕೂರಬಾರದು.

ಸಿರಿಗನ್ನಡಂ ಗೆಲ್ಗೆ!